ಓಡುವವರ ಪರವಾಗಿ ಕಚೇರಿ ಮೆಟ್ಟಿಲು ಹತ್ತೋದು ಹೇಗೆ? ಮಲೆನಾಡಿನ ರನ್ನಿಂಗ್ ಕ್ಲಬ್‌ಗಳಿಗೆ

ನಿಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ "ಬೆಳಗ್ಗೆ ಓಡೋಕೆ ಏನೇನು ತೊಂದರೆ ಇದೆ?" ಅಂತ ಒಂದು ಸಲ ಕೇಳಿ ನೋಡಿ. ಹತ್ತು ನಿಮಿಷದಲ್ಲಿ ಸಾಲು ಸಾಲು ಉತ್ತರ ಬರುತ್ತದೆ. ಆ ತಿರುವಿನಲ್ಲಿ ನಾಯಿ, ಈ ರಸ್ತೆಯಲ್ಲಿ ದೀಪ ಇಲ್ಲ, ಚರಂಡಿ ಚಪ್ಪಡಿ ಮುರಿದಿದೆ, ಕ್ರೀಡಾಂಗಣದ ಗೇಟು ತೆಗೆಯೋದೇ ತಡ, ಟಿಪ್ಪರ್‌ನವರು ಮೈಮೇಲೇ ಬರ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾರದ್ದೋ ಹುಟ್ಟುಹಬ್ಬದ ಶುಭಾಶಯಗಳ ನಡುವೆ ಅವೆಲ್ಲ ಕಳೆದುಹೋಗಿರುತ್ತವೆ. ಮರುದಿನ ಅದೇ ನಾಯಿ, ಅದೇ ಕತ್ತಲೆ.

ಈ ದೂರುಗಳನ್ನು ಗ್ರೂಪಿನಿಂದ ಹೊರಗೆ ತಂದು, ಸರಿಯಾದ ಕಚೇರಿಗೆ ಮುಟ್ಟಿಸಿ, ಕೆಲಸ ಆಗುವ ತನಕ ಬೆನ್ನು ಹತ್ತೋದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಶಿವಮೊಗ್ಗದ ಉದಾಹರಣೆಗಳೇ ಜಾಸ್ತಿ, ಯಾಕೆಂದರೆ ನಾವು ಓಡೋದು ಇಲ್ಲಿ. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯವರಿಗೂ ಬಹುಪಾಲು ಇದೇ ದಾರಿ. ಕಚೇರಿಯ ಹೆಸರು ಮಾತ್ರ ಬೇರೆ.

ಯಾರ ಪರವಾಗಿ ಮಾತಾಡ್ತಿದ್ದೀರಿ?

ಬೆಳಗ್ಗೆ 5ರಿಂದ 7ರ ನಡುವೆ ಊರಲ್ಲಿ ಓಡುವವರನ್ನು ಸ್ವಲ್ಪ ದಿನ ಗಮನಿಸಿ. ಕ್ಲಬ್ಬಿನ ಟೀ ಶರ್ಟ್ ಹಾಕಿದವರು ಅದರಲ್ಲಿ ಕಡಿಮೆ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಿ ಮಾಡುವ ಹುಡುಗ ಹುಡುಗಿಯರು ಎಷ್ಟು ಜನ ಇರ್ತಾರೆ ನೋಡಿ. ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ. ಅಗ್ನಿವೀರ್‌ಗೆ ಹೋಗುವವರಿಗೂ 1.6 ಕಿಲೋಮೀಟರ್ ಓಟ ಇದೆ. ಸುತ್ತಲ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡು ಓದುವ ಮಕ್ಕಳು ಇವರು. ಟ್ರ್ಯಾಕಿಗೆ ಹೋಗೋಕೆ ಆಗದಿದ್ದರೆ ಹೆದ್ದಾರಿ ಪಕ್ಕದಲ್ಲೇ ಓಡ್ತಾರೆ, ಕೆಲವರಿಗೆ ಸರಿಯಾದ ಶೂ ಕೂಡ ಇಲ್ಲ. ಇವರಿಗೆ ಓಟ ಅಂದರೆ ಹವ್ಯಾಸ ಅಲ್ಲ, ಅನ್ನದ ದಾರಿ. ಇವರ ಜೊತೆಗೆ ಶಾಲಾ ಮಕ್ಕಳು, ಶುಗರ್ ಬಂದ ಮೇಲೆ ನಡೆಯೋಕೆ ಶುರು ಮಾಡಿದವರು, ರಿಟೈರ್ ಆದ ಮೇಷ್ಟ್ರುಗಳು.

ಇವರಲ್ಲಿ ಹೆಚ್ಚಿನವರು ನಿಮ್ಮ ಕ್ಲಬ್ಬಿಗೆ ಸೇರಿಲ್ಲ, ಸೇರೋದೂ ಇಲ್ಲ. ಆದರೂ ಕ್ಲಬ್ ಬಾಯಿ ತೆರೆಯಬೇಕಾದದ್ದು ಇವರನ್ನೂ ಸೇರಿಸಿಕೊಂಡೇ. "ನಮ್ಮ ಸದಸ್ಯರ ಹಾಫ್ ಮ್ಯಾರಥಾನ್ ತಯಾರಿಗೆ ದೀಪ ಬೇಕು" ಅಂತ ಕೇಳಿದರೆ ಅದು ನಾಲ್ಕು ಜನರ ಶೋಕಿಯಾಗಿ ಕಾಣುತ್ತದೆ. "ಈ ರಸ್ತೆಯಲ್ಲಿ ಬೆಳಗ್ಗೆ ಇಷ್ಟು ಜನ ಓಡ್ತಾರೆ, ನಡೀತಾರೆ, ಇದರಲ್ಲಿ ಇಷ್ಟು ಹೆಣ್ಣುಮಕ್ಕಳು" ಅಂತ ಕೇಳಿದರೆ ಅದು ಊರಿನ ವಿಷಯ. ಹಾಗೆ ಹೇಳಬೇಕಾದರೆ ಎಣಿಸಿರಬೇಕು. ಒಂದೇ ಜಾಗದಲ್ಲಿ ಇಬ್ಬರು ನಿಂತು, ವಾರದಲ್ಲಿ ಎರಡು ಮೂರು ದಿನ, ಅರ್ಧ ಗಂಟೆಗೊಮ್ಮೆ ಲೆಕ್ಕ ಬರೆದುಕೊಂಡರೆ ಸಾಕು. ಗಂಡಸರು, ಹೆಂಗಸರು, ಮಕ್ಕಳು, ವಯಸ್ಸಾದವರು ಅಂತ ನಾಲ್ಕು ಕಾಲಂ. ಆ ಒಂದು ಹಾಳೆ ನಿಮ್ಮ ಹತ್ತು ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಹೆಂಗಸರನ್ನು ಬೇರೆಯಾಗಿ ಕೇಳಿ, ಕೇಳೋದೂ ಹೆಂಗಸರೇ ಆಗಿರಲಿ. ಇಪ್ಪತ್ತು ಗಂಡಸರು ಕೂತ ಮೀಟಿಂಗಿನಲ್ಲಿ "ನಿಮಗೇನಾದರೂ ತೊಂದರೆ ಇದೆಯಾ ಅಕ್ಕ?" ಅಂದರೆ "ಏನಿಲ್ಲ" ಅಂತಲೇ ಉತ್ತರ. ಅದರ ಬದಲು, ಯಾವ ರಸ್ತೆಯಲ್ಲಿ ಮೊದಲು ಓಡ್ತಿದ್ರಿ, ಯಾಕೆ ಬಿಟ್ರಿ, ಎಲ್ಲಿಂದ ವಾಪಸ್ ತಿರುಗ್ತೀರಿ ಅಂತ ಕೇಳಿ. ಬಿಟ್ಟುಹೋದ ದಾರಿಗಳ ಪಟ್ಟಿ ಸಿಗುತ್ತದೆ. ಹೆಚ್ಚಿನ ಸಲ ಅಲ್ಲಿ ಕಾರಣ ತುಂಬ ಸಣ್ಣದಿರುತ್ತದೆ. ಒಂದು ಬಾರ್ ಮುಂದಿನ ಕತ್ತಲೆ, ಒಂದು ಖಾಲಿ ಸೈಟಿನ ಪೊದೆ, ಬೀಗ ಹಾಕಿದ ಶೌಚಾಲಯ. "ಗುಂಪಲ್ಲಿ ಬನ್ನಿ, ಏನೂ ಆಗಲ್ಲ" ಅನ್ನೋದನ್ನು ಪರಿಹಾರ ಅಂತ ದಯವಿಟ್ಟು ಹೇಳಬೇಡಿ. ಒಬ್ಬಳೇ ಓಡಬೇಕು ಅನ್ನಿಸಿದವಳಿಗೆ ಒಬ್ಬಳೇ ಓಡುವ ಹಾಗಿರಬೇಕು. ನಾವು ಕೇಳ್ತಿರೋದು ಅದನ್ನೇ ಅಲ್ವಾ?

ಈ ರಸ್ತೆ ಯಾರದು?

ಅರ್ಧಕ್ಕರ್ಧ ಅರ್ಜಿಗಳು ಸಾಯೋದು ಇಲ್ಲೇ. ತಪ್ಪು ಕಚೇರಿಗೆ ಹೋದ ಪತ್ರಕ್ಕೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಒಂದು ಸಾಲು ಬರುತ್ತದೆ, ಅದೂ ಎರಡು ತಿಂಗಳಾದ ಮೇಲೆ. ಹಾಗಾಗಿ ಪತ್ರ ಬರೆಯೋಕೆ ಮುಂಚೆ ರಸ್ತೆಯ ಯಜಮಾನ ಯಾರು ಅಂತ ಪತ್ತೆ ಮಾಡಿ.

ಊರ ಹೊರಗಾದರೆ ಮೈಲಿಗಲ್ಲು ನೋಡಿ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕೇಸರಿ ಬಣ್ಣವಾದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ನಮ್ಮ ಬಿ.ಎಚ್. ರಸ್ತೆ ಸಾಗರದ ಕಡೆ ಹೋಗೋದು ರಾಷ್ಟ್ರೀಯ ಹೆದ್ದಾರಿ 69. ಗಾಜನೂರು, ಸಕ್ರೆಬೈಲು ದಾಟಿ ತೀರ್ಥಹಳ್ಳಿಗೆ ಹೋಗೋದು 169. ಇವುಗಳ ವಿಷಯವನ್ನು ಹೆದ್ದಾರಿ ಪ್ರಾಧಿಕಾರಕ್ಕೋ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೋ ಬರೆಯಬೇಕು. ಯಾವುದು ಅಂತ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಹೆದ್ದಾರಿಯಲ್ಲಿ ತುರ್ತು ಏನಾದರೂ ಇದ್ದರೆ 1033. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ, ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ. ತುಂಗಾ ನಾಲೆಯ ಏರಿ ಮೇಲೆ ಓಡ್ತೀರಾ? ಅದು ನೀರಾವರಿ ನಿಗಮದ್ದು. ಅಲ್ಲಿ ದೀಪ ಕೇಳಿದರೆ ಪಾಲಿಕೆಯವರು ಹಾಕೋಕೆ ಬರಲ್ಲ.

ಊರೊಳಗೆ ಇನ್ನೂ ಗೊಂದಲ. ಒಂದೇ ರಸ್ತೆಯಲ್ಲಿ ಡಾಂಬರು ಒಬ್ಬರದು, ಚರಂಡಿ ಇನ್ನೊಬ್ಬರದು, ಕಂಬ ವಿದ್ಯುತ್ ಕಂಪನಿ ಮೆಸ್ಕಾಂನದು, ಅದರ ಮೇಲಿನ ದೀಪ ಪಾಲಿಕೆಯದು. ಬಲ್ಬ್ ಹೋಗಿದೆ ಅಂತ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ ಬೈಸಿಕೊಂಡವರು ಎಷ್ಟೋ ಜನ. ತಂತಿ ಜೋತಾಡ್ತಿದ್ದರೆ 1912, ದೀಪ ಉರೀತಿಲ್ಲ ಅಂದರೆ ಪಾಲಿಕೆ, ಇಷ್ಟು ನೆನಪಿಡಿ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಎಷ್ಟೋ ರಸ್ತೆಗೆ ಹೊಸ ಫುಟ್‌ಪಾತ್ ಬಂತು. ಆ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಹಾಗಾಗಿ ಟೈಲ್ಸ್ ಎದ್ದು ಬಂದ ಕಡೆ "ಈಗ ಇದರ ನಿರ್ವಹಣೆ ಯಾರದ್ದು?" ಅನ್ನೋದೇ ನಿಮ್ಮ ಮೊದಲ ಪ್ರಶ್ನೆ ಆಗಿರಲಿ.

ಒಂದು ಪತ್ರ, ಒಂದು ವಿಷಯ

ಪತ್ರದಲ್ಲಿ ನಾಯಿ, ದೀಪ, ಗುಂಡಿ, ಶೌಚಾಲಯ ಎಲ್ಲ ತುಂಬಿಸಿದರೆ ಅದು ಯಾವ ವಿಭಾಗಕ್ಕೂ ಹೋಗಲ್ಲ. ಒಂದು ಪತ್ರಕ್ಕೆ ಒಂದೇ ಬೇಡಿಕೆ. ಮೊದಲ ಬೇಡಿಕೆ ದುಡ್ಡು ಖರ್ಚಿಲ್ಲದ್ದು, ಒಬ್ಬ ಅಧಿಕಾರಿಯ ಮಟ್ಟದಲ್ಲೇ ಆಗುವಂಥದ್ದು ಆಗಿರಲಿ. ಅದು ಆದರೆ ನಿಮ್ಮ ಕ್ಲಬ್ಬಿನವರಿಗೂ ನಂಬಿಕೆ ಬರುತ್ತದೆ, ಕಚೇರಿಯವರಿಗೂ ನೀವು ಸುಮ್ನೆ ಗಲಾಟೆ ಮಾಡೋಕೆ ಬಂದವರಲ್ಲ ಅಂತ ಗೊತ್ತಾಗುತ್ತದೆ.

ನನ್ನ ಪ್ರಕಾರ ಬೀದಿ ದೀಪದ ಟೈಮರ್‌ಗಿಂತ ಒಳ್ಳೆಯ ಮೊದಲ ಬೇಡಿಕೆ ಇಲ್ಲ. ಶಿವಮೊಗ್ಗದಲ್ಲಿ ಜೂನ್ ತಿಂಗಳಲ್ಲಿ 6 ಗಂಟೆಗೆಲ್ಲ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ ಅದು ಹತ್ತಿರ ಹತ್ತಿರ 7. ಟೈಮರನ್ನು ವರ್ಷವಿಡೀ ಒಂದೇ ಹೊತ್ತಿಗೆ ಇಟ್ಟಿದ್ದರೆ ಚಳಿಗಾಲದಲ್ಲಿ ಇನ್ನೂ ಕತ್ತಲೆ, ಮಂಜು ಇರುವಾಗಲೇ ದೀಪ ಆರುತ್ತದೆ. ಜನ ಓಡೋದು ಸರಿಯಾಗಿ ಆ ಹೊತ್ತಿಗೇ. ಹೊಸ ಕಂಬ ಬೇಡ, ಟೆಂಡರ್ ಬೇಡ, ಟೈಮರ್ ಪೆಟ್ಟಿಗೆಯಲ್ಲಿ ಸಮಯ ಬದಲಿಸಿದರೆ ಆಯ್ತು. ಪತ್ರ ಹೀಗೆ ಬರೆಯಬಹುದು:

ಗೆ,
ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ಶಿವಮೊಗ್ಗ.
ವಿಷಯ: (ರಸ್ತೆಯ ಹೆಸರು) ಬೀದಿ ದೀಪಗಳನ್ನು ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬೆಳಗ್ಗೆ 6.45ರ ತನಕ ಉರಿಸುವ ಬಗ್ಗೆ.
ಮಾನ್ಯರೇ,
ಈ ರಸ್ತೆಯಲ್ಲಿ (ಇಲ್ಲಿಂದ) (ಅಲ್ಲಿಯವರೆಗೆ) ದೀಪಗಳು ಬೆಳಗ್ಗೆ (ಇಷ್ಟು) ಗಂಟೆಗೆ ಆರುತ್ತಿವೆ. ಆ ಸಮಯದಲ್ಲಿ ಇಲ್ಲಿ ಓಡಾಡುವವರ ಲೆಕ್ಕವನ್ನು ದಿನಾಂಕದ ಸಮೇತ ಲಗತ್ತಿಸಿದ್ದೇವೆ. ದೀಪ ಆರಿದ ಮೇಲೆ ತೆಗೆದ ಫೋಟೋಗಳನ್ನೂ ಇಟ್ಟಿದ್ದೇವೆ. ಟೈಮರ್ ಸಮಯವನ್ನು ಬದಲಿಸಲು ಸಂಬಂಧಪಟ್ಟ ಎಂಜಿನಿಯರ್‌ಗೆ ಸೂಚಿಸಬೇಕೆಂದು ಕೋರುತ್ತೇವೆ. ಸ್ಥಳ ಪರಿಶೀಲನೆಗೆ ಬಂದರೆ ನಮ್ಮಲ್ಲಿ ಇಬ್ಬರು ಜೊತೆಗಿರುತ್ತೇವೆ.

ಇಷ್ಟೇ ಸಾಕು. ಪಾಲಿಕೆಯ ಗತವೈಭವ, ಆರೋಗ್ಯದ ಮಹತ್ವ, ಯಾವ ಪೀಠಿಕೆಯೂ ಬೇಡ. ಓದುವವರಿಗೆ ಬೇಕಾದದ್ದು ಎಲ್ಲಿ, ಏನು, ಯಾರು ಮಾಡಬೇಕು ಅನ್ನೋದು ಮಾತ್ರ. ಎರಡು ಪ್ರತಿ ತೆಗೆದುಕೊಂಡು ಹೋಗಿ ಟಪಾಲು ವಿಭಾಗದಲ್ಲಿ ಒಂದು ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತಾರೆ" ಅಂದರೂ ಸೀಲು ಬೀಳುವ ತನಕ ಅಲ್ಲೇ ನಿಲ್ಲಿ. ಆ ನಂಬರ್ ಇಲ್ಲದಿದ್ದರೆ ನಿಮ್ಮ ಪತ್ರ ಹುಟ್ಟೇ ಇಲ್ಲ ಅಂತ ಲೆಕ್ಕ.

ಕೊಟ್ಟು ಹದಿನೈದು ದಿನ ಆದ ಮೇಲೆ ಹೋಗಿ. ಆಯುಕ್ತರ ಚೇಂಬರ್‌ಗೆ ನುಗ್ಗಬೇಕಿಲ್ಲ. ಆ ಭಾಗದ ಸಹಾಯಕ ಎಂಜಿನಿಯರ್ ಯಾರು ಅಂತ ಕೇಳಿಕೊಂಡು, "ಸರ್, ನಮ್ಮ ಅರ್ಜಿ ನಿಮ್ಮ ಟೇಬಲ್‌ಗೆ ಬಂತಾ?" ಅಂತ ನಂಬರ್ ತೋರಿಸಿ. ಬೆಳಗ್ಗೆ ಬಂದು ನೋಡೋಕೆ ಕರೆಯಿರಿ. ಒಬ್ಬ ಎಂಜಿನಿಯರ್ ಚಳಿಗಾಲದ 6 ಗಂಟೆಗೆ ಆ ರಸ್ತೆಯಲ್ಲಿ ಐದು ನಿಮಿಷ ನಿಂತರೆ ಉಳಿದದ್ದನ್ನು ನೀವು ಹೇಳಬೇಕಾಗಿಲ್ಲ. ಪ್ರತಿ ಸಲ ಅದೇ ಇಬ್ಬರು ಹೋಗೋದು ಒಳ್ಳೆಯದು, ಮುಖ ಪರಿಚಯ ಆಗುತ್ತದೆ. ಕೆಲಸ ಆದ ಮೇಲೆ ಒಂದು ಧನ್ಯವಾದದ ಪತ್ರ ಕೊಡಿ, ಅದಕ್ಕೂ ಸೀಲು ಹಾಕಿಸಿ. ಕಚೇರಿಗಳಿಗೆ ಇಂಥ ಪತ್ರ ಬರೋದು ಅಪರೂಪ. ಅವರು ಮನಸ್ಸಿನಲ್ಲಿ ಇಟ್ಟುಕೊಳ್ತಾರೆ.

ಫುಟ್‌ಪಾತ್ ವಿಷಯಕ್ಕೆ ಹೋಗುವಾಗ ಕೈಯಲ್ಲಿ ಟೇಪು ಇರಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಪ್ರಕಾರ ಅಡ್ಡಿ ಇಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ನಿಮ್ಮ ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್, ಗೂಡಂಗಡಿ, ಪಾರ್ಕ್ ಮಾಡಿದ ಬೈಕು ಕಳೆದು ಎಷ್ಟು ಉಳಿದಿದೆ ಅಂತ ಅಳೆದು, ಟೇಪು ಕಾಣುವ ಹಾಗೆ ಫೋಟೋ ತೆಗೆಯಿರಿ. ಸುಪ್ರೀಂ ಕೋರ್ಟ್ 2025ರ ಮೇ 14ರಂದು, ಸರಿಯಾದ ಫುಟ್‌ಪಾತ್ ಸಿಗೋದು ಸಂವಿಧಾನದ 21ನೇ ವಿಧಿಯಡಿ ಪಾದಚಾರಿಗಳ ಹಕ್ಕು ಅಂತ ಹೇಳಿದೆ. ಪತ್ರದ 'ಉಲ್ಲೇಖ' ಅನ್ನೋ ಜಾಗದಲ್ಲಿ ಇವೆರಡನ್ನೂ ಬರೆಯಿರಿ. ಆದರೆ ಗೂಡಂಗಡಿಯವರ ವಿಷಯದಲ್ಲಿ ಹುಷಾರು. ನಾವು ಓಡೋ ಹೊತ್ತಿಗೆ ಮುಚ್ಚಿರುವ ಹೂವಿನಂಗಡಿಯನ್ನು ಎತ್ತಂಗಡಿ ಮಾಡಿಸೋದು ನಮ್ಮ ಕೆಲಸ ಅಲ್ಲ. ಹೊಟ್ಟೆಪಾಡಿನ ಮೇಲೆ ಕೈಯಿಟ್ಟರೆ ಊರು ನಿಮ್ಮ ಜೊತೆ ನಿಲ್ಲೋದಿಲ್ಲ, ನಿಲ್ಲಬಾರದು ಕೂಡ.

ನಾಯಿಗಳು

"ನಾಯಿ ಹಿಡಿದುಕೊಂಡು ಹೋಗಿ" ಅಂತ ಬರೆದ ಪತ್ರಕ್ಕೆ ಸಾಮಾನ್ಯವಾಗಿ ಪಾಲಿಕೆ ಏನೂ ಮಾಡೋಕಾಗಲ್ಲ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಸಂತಾನಶಕ್ತಿ ಹರಣ ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡಬೇಕು (ರೇಬೀಸ್ ಶಂಕೆ ಇರುವ, ಮೈಮೇಲೆ ಬೀಳುವ ನಾಯಿಗಳನ್ನು, ಶಾಲೆ, ಆಸ್ಪತ್ರೆ, ಕ್ರೀಡಾಂಗಣಗಳಿಂದ ಹಿಡಿದವನ್ನು ಮಾತ್ರ ಹಾಗೆ ಬಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ). ಅದನ್ನು ಮಾಡಿಸುವ ಜವಾಬ್ದಾರಿ ಸ್ಥಳೀಯ ಸಂಸ್ಥೆಯದ್ದು. ಹಾಗಾಗಿ ಕೇಳಬೇಕಾದದ್ದು: ಈ ಈ ಜಾಗದ ಗುಂಪುಗಳಿಗೆ ಚಿಕಿತ್ಸೆ, ಲಸಿಕೆ ಆಗಿದೆಯಾ, ಆಗಿಲ್ಲದಿದ್ದರೆ ಯಾವಾಗ ಮಾಡಿಸ್ತೀರಿ? ಚಿಕಿತ್ಸೆ ಆದ ನಾಯಿಯ ಒಂದು ಕಿವಿಯ ತುದಿ ಕತ್ತರಿಸಿರುತ್ತಾರೆ. ಎಲ್ಲಿ ಕಿವಿ ಕತ್ತರಿಸದ ನಾಯಿಗಳು ಜಾಸ್ತಿ ಅಂತ ನಿಮ್ಮವರೇ ಓಡುವಾಗ ಗುರುತಿಸಿ ನಕ್ಷೆ ಮಾಡಿಕೊಡಬಹುದು.

ಇದರ ಜೊತೆಗೆ ಆ ಜಾಗದಲ್ಲೇ ಯಾಕೆ ನಾಯಿ ಸೇರ್ತಿವೆ ಅಂತ ನೋಡಿ. ಹತ್ತಿರದಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಜಾಗ ಇದ್ದೇ ಇರುತ್ತದೆ, ಇಲ್ಲಾಂದರೆ ಕಲ್ಯಾಣ ಮಂಟಪದ ಎಲೆ ಎಸೆಯುವ ಮೂಲೆ. ಅದು ಪಶುವೈದ್ಯರ ವಿಷಯ ಅಲ್ಲ, ಪಾಲಿಕೆಯ ಆರೋಗ್ಯ ವಿಭಾಗದ ವಿಷಯ. ಬೇರೆ ಪತ್ರ ಬರೆಯಿರಿ. ಕಸ ಸುರಿಯೋದು ನಿಂತರೆ ನಾಯಿಗಳ ಗುಂಪು ತಾನಾಗಿ ಕರಗುತ್ತದೆ. ಅಲ್ಲಿ ನಾಯಿಗೆ ಅನ್ನ ಹಾಕುವ ಒಬ್ಬರು ಅಮ್ಮ ಇದ್ದೇ ಇರ್ತಾರೆ. ಅವರ ಜೊತೆ ಜಗಳ ಬೇಡ. ಯಾವ ನಾಯಿಗೆ ಮರಿ ಇದೆ, ಯಾವುದು ಬೈಕ್ ಹಿಂದೆ ಓಡುತ್ತದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಊಟ ಹಾಕುವ ಹೊತ್ತನ್ನು ಸ್ವಲ್ಪ ಬದಲಿಸಿ ಅಂತ ಪ್ರೀತಿಯಿಂದ ಕೇಳಿದರೆ ಬದಲಿಸ್ತಾರೆ.

ಕಚ್ಚಿದರೆ: ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ. ಅರಿಶಿನ, ಸುಣ್ಣ ಏನೂ ಹಚ್ಚಬಾರದು. ಇದನ್ನು ಕ್ಲಬ್ಬಿನ ಗ್ರೂಪಿನಲ್ಲಿ ಪಿನ್ ಮಾಡಿ ಇಡಿ.

ಕ್ರೀಡಾಂಗಣ

ನೆಹರು ಕ್ರೀಡಾಂಗಣದಂಥ ಜಾಗ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿರುತ್ತದೆ. ಜಿಲ್ಲೆಯಲ್ಲಿ ಅದರ ಸಹಾಯಕ ನಿರ್ದೇಶಕರು ಇರ್ತಾರೆ, ಮೇಲೆ ಜಿಲ್ಲಾಧಿಕಾರಿ. ಇಲ್ಲಿ ತಕರಾರು ಹೆಚ್ಚಾಗಿ ಓಡುವವರ ನಡುವೆಯೇ. ಕೋಚ್‌ಗಳು ಮಕ್ಕಳನ್ನು ಸ್ಪ್ರಿಂಟ್ ಓಡಿಸುವಾಗ ಒಳಗಿನ ಲೇನಿನಲ್ಲಿ ನಾಲ್ಕು ಜನ ಮಾತಾಡ್ತಾ ನಡೀತಿರ್ತಾರೆ, ಭರ್ತಿಗೆ ತಯಾರಾಗುವ ಹುಡುಗರು ಸ್ಟಾಪ್‌ವಾಚ್ ಹಿಡಿದು ಕಾಯ್ತಿರ್ತಾರೆ. ಕ್ಲಬ್ ಇಲ್ಲಿ ತನ್ನ ಪಾಲು ಕೇಳೋಕೆ ಹೋಗಬಾರದು. ಎಲ್ಲರನ್ನೂ ಕೂರಿಸಿ ಒಂದು ಒಪ್ಪಂದ ಮಾಡಿಸಬೇಕು. ಒಳಗಿನ ಎರಡು ಲೇನು ಹೊತ್ತು ನೋಡಿ ಓಡುವವರಿಗೆ, ಹೊರಗಿನವು ನಿಧಾನ ಓಡುವವರಿಗೆ, ನಡೆಯುವವರು ಇನ್ನೂ ಆಚೆ. ಇದನ್ನು ಗೇಟಿನ ಹತ್ತಿರ ಒಂದು ಬೋರ್ಡ್ ಮಾಡಿ ಹಾಕಿಸಿ. ಇಲಾಖೆ ಒಪ್ಪಿದರೆ ಬೋರ್ಡಿನ ಖರ್ಚು ಕ್ಲಬ್ಬೇ ಕೊಡಬಹುದು. ಆದರೆ ಅದರ ಮೇಲೆ ಕ್ಲಬ್ಬಿನ ಹೆಸರು ದೊಡ್ಡದಾಗಿ ಬೇಡ.

ಸಿಂಥೆಟಿಕ್ ಟ್ರ್ಯಾಕ್ ಇರುವ ಕಡೆ ಇನ್ನೊಂದು ಕಾಳಜಿ ಬೇಕು. ಸಭೆ, ಸಮಾರಂಭ ಅಂತ ಮೈದಾನ ಕೊಟ್ಟಾಗ ಪೆಂಡಾಲ್ ಲಾರಿ ಟ್ರ್ಯಾಕ್ ಮೇಲೆಯೇ ಹತ್ತಿ ಹೋಗೋದು, ಗೂಟ ಹೊಡೆಯೋದು ನಡೆಯುತ್ತದೆ. ಒಂದು ಸಲ ಕಿತ್ತುಬಂದರೆ ರಿಪೇರಿಗೆ ವರ್ಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಒಂದು ತಂಡದ ಮಕ್ಕಳ ಓಟದ ವಯಸ್ಸೇ ಕಳೆದಿರುತ್ತದೆ. ಆಗಿಹೋದ ಮೇಲೆ ಪ್ರತಿಭಟಿಸಿ ಏನು ಬಂತು? ಮೊದಲೇ, ಬಾಡಿಗೆ ಅನುಮತಿ ಪತ್ರದಲ್ಲಿ "ಟ್ರ್ಯಾಕ್ ಮೇಲೆ ವಾಹನ ಹತ್ತಿಸುವಂತಿಲ್ಲ, ಹಾನಿಗೆ ಠೇವಣಿ ಇಡಬೇಕು" ಅನ್ನುವ ಷರತ್ತು ಸೇರಿಸಿ ಅಂತ ಬರೆದು ಕೊಡಿ. ನಿಮ್ಮವರೂ ಶೂ ತಳದ ಮೊಳೆ (ಸ್ಪೈಕ್) 9 ಮಿಲಿಮೀಟರ್‌ಗಿಂತ ಉದ್ದದ್ದು ಹಾಕದಿರಲಿ. ಬೆಳಗ್ಗೆ 5.30ಕ್ಕೆ ಗೇಟಿನ ಜೊತೆ ಹೆಂಗಸರ ಶೌಚಾಲಯದ ಬೀಗವೂ ತೆಗೆಯಬೇಕು ಅನ್ನೋದನ್ನು ಮಾತ್ರ ಮರೆಯದೆ ಕೇಳಿ.

ಮಳೆ ಮತ್ತು ಕಾಡು

ಬಯಲುಸೀಮೆಯ ಕ್ಲಬ್‌ಗಳಿಗೆ ಇಲ್ಲದ ಎರಡು ವಿಷಯ ನಮಗಿವೆ. ಮೊದಲನೆಯದು ಜೂನ್‌ನಿಂದ ಸೆಪ್ಟೆಂಬರ್. ಚರಂಡಿ ತುಂಬಿ ರಸ್ತೆ ಮೇಲೆ ನೀರು ನಿಂತಾಗ ಎಲ್ಲಿ ಚಪ್ಪಡಿ ಇಲ್ಲ ಅಂತ ಕಾಣೋದೇ ಇಲ್ಲ, ಟೈಲ್ಸ್ ಮೇಲೆ ಪಾಚಿ ಕಟ್ಟುತ್ತದೆ. ಮಳೆಗಾಲದಲ್ಲಿ ದೂರು ಕೊಟ್ಟರೆ "ಮಳೆ ನಿಲ್ಲಲಿ" ಅಂತಾರೆ, ಅದು ಸರಿಯೂ ಹೌದು, ಜಡಿಮಳೆಯಲ್ಲಿ ಕಾಂಕ್ರೀಟ್ ಹಾಕೋಕಾಗಲ್ಲ. ಚಪ್ಪಡಿಗಳ ಪಟ್ಟಿ, ಫೋಟೋ ಸಮೇತ, ಫೆಬ್ರವರಿ ಮಾರ್ಚ್‌ನಲ್ಲೇ ಕಚೇರಿಯಲ್ಲಿರಬೇಕು. ಎಸ್ಟಿಮೇಟ್ ಬೇಕಾಗುವ ದೊಡ್ಡ ಕೆಲಸವಾದರೆ ಇನ್ನೂ ಮುಂಚೆ. ಏಪ್ರಿಲ್‌ಗೆ ಹೊಸ ಹಣಕಾಸು ವರ್ಷ ಶುರು. ಅದಕ್ಕಿಂತ ಮುಂಚೆ ಪಾಲಿಕೆಯವರು ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ಆ ಸಭೆಯಲ್ಲಿ ಎದ್ದು ನಿಂತು ಒಂದು ರಸ್ತೆ, ಒಂದು ಕೆಲಸ, ಒಂದು ಅಂದಾಜು ಮೊತ್ತ ಹೇಳಿ ಕೂತುಕೊಳ್ಳಿ. ದುಡ್ಡಿಲ್ಲ ಅಂದರೆ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ ಇದೆ. ದೀಪ, ನಡಿಗೆ ಪಥದಂಥ ಕೆಲಸಕ್ಕೆ ಅಲ್ಲೂ ಮನವಿ ಕೊಡಬಹುದು. ಹಳ್ಳಿ ಕಡೆಯವರು ಗ್ರಾಮಸಭೆಯಲ್ಲಿ ಇದೇ ಮಾತು ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸದೆ ಎದ್ದು ಬಂದರೆ ಹೇಳಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಎರಡನೆಯದು ಕಾಡು. ಶೆಟ್ಟಿಹಳ್ಳಿ ಅಭಯಾರಣ್ಯ ಊರಿಗೆ ಇಷ್ಟು ಹತ್ತಿರ ಇರುವಾಗ ಕಾಡುದಾರಿಯಲ್ಲಿ (ಟ್ರೈಲ್) ಓಡುವ ಆಸೆ ಯಾರಿಗೆ ಇರಲ್ಲ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಅನುಮತಿ ಕೇಳಿ, ಕೊಡದಿದ್ದರೆ ಬಿಡಿ. ನಾಲ್ಕು ಜನ ಕದ್ದು ಓಡಿ ಫೋಟೋ ಹಾಕಿದರೆ ಮುಂದಿನ ಹತ್ತು ವರ್ಷ ಯಾವ ಕ್ಲಬ್ಬಿಗೂ ಅರಣ್ಯ ಇಲಾಖೆ ಬಾಗಿಲು ತೆಗೆಯೋದಿಲ್ಲ. ಮಂಗನ ಕಾಯಿಲೆಯನ್ನೂ ಮರೆಯಬಾರದು. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಹರಡುತ್ತದೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಆ ತಿಂಗಳುಗಳಲ್ಲಿ ಸುತ್ತಲ ಊರಲ್ಲಿ ಕೇಸು ಬಂದಿದೆಯಾ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡೇ ಕಾಡಂಚಿನ ದಾರಿ ಇಟ್ಟುಕೊಳ್ಳಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಅಲ್ಲಿಗೇ ತಿಳಿಸಿ. ಬೆಳಗ್ಗೆ ಮೊದಲು ಆ ದಾರಿ ನೋಡುವವರು ಓಡುವವರೇ, ಹಾಗಾಗಿ ಈ ಸುದ್ದಿ ಕೊಡೋದೂ ನಮ್ಮ ಜವಾಬ್ದಾರಿ.

ಓಡುವವರಿಗೆ ಗಾಡಿ ಗುದ್ದಿದರೆ

ಇಂಥ ದಿನ ಬರಬಾರದು. ಬಂದರೆ ಕ್ಲಬ್ ಇರೋದು ಅದಕ್ಕೇ. ಮೊದಲು 108, ಆಮೇಲೆ 112. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಕಾಪಾಡುತ್ತದೆ. ಸಾಕ್ಷಿ ಹೇಳಿ ಅಂತ ಬಲವಂತ ಮಾಡುವಂತಿಲ್ಲ. ಈ ಭಯಕ್ಕೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ, ಅದಕ್ಕೆ ಇದನ್ನು ಎಲ್ಲರಿಗೂ ಹೇಳಿರಿ. ಕೇಂದ್ರ ಸರ್ಕಾರದ 2025ರ ಯೋಜನೆಯಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಮನೆಯವರು ಗಾಬರಿಯಲ್ಲಿ ಇದನ್ನೆಲ್ಲ ಕೇಳೋ ಸ್ಥಿತಿಯಲ್ಲಿರಲ್ಲ, ಕ್ಲಬ್ಬಿನ ಒಬ್ಬರು ಬಿಲ್ಲಿಂಗ್ ಕೌಂಟರ್ ಹತ್ತಿರ ನಿಂತು ಕೇಳಬೇಕು.

ಎಫ್‌ಐಆರ್ ಆಗಲೇಬೇಕು, ಅದರಲ್ಲಿ ಜಾಗ ನಿಖರವಾಗಿರಬೇಕು. "ಸಾಗರ ರಸ್ತೆ" ಅಂದರೆ ಸಾಲದು. ಯಾವ ಕಲ್ಲಿನ ಹತ್ತಿರ, ಯಾವ ಅಂಗಡಿ ಎದುರು, ದೀಪ ಇತ್ತೋ ಇಲ್ಲವೋ ಎಲ್ಲ ಬೇಕು. ಗುದ್ದಿ ಪರಾರಿಯಾದ ಗಾಡಿ ಸಿಗದೇ ಹೋದರೂ ಪರಿಹಾರ ಇದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆ ಪ್ರಕಾರ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ. ಭರ್ತಿಗೆ ಓಡ್ತಿದ್ದ ಹುಡುಗನ ಅಪ್ಪ ಅಮ್ಮನಿಗೆ ಹೀಗೊಂದು ಇದೆ ಅಂತ ಹೇಳೋಕೆ ಯಾರೂ ಇರಲ್ಲ. ಅವನು ನಿಮ್ಮ ಸದಸ್ಯ ಅಲ್ಲದಿದ್ದರೂ ಹೋಗಿ ಹೇಳಿ, ಅರ್ಜಿ ತುಂಬಿಕೊಡಿ.

ಆಮೇಲೆ ಆ ಜಾಗವನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಮುಂದೆ ತನ್ನಿ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯವರು ಎಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ. "ಅದು ನಮ್ಮದಲ್ಲ" ಅಂತ ಒಬ್ಬರ ಮೇಲೊಬ್ಬರು ಹಾಕೋಕೆ ಅಲ್ಲಿ ಕಷ್ಟ. ವಿಷಯ ಪಟ್ಟಿಗೆ ಸೇರಿಸಿ ಅಂತ ಸಭೆಗೆ ಮುಂಚೆಯೇ ಪತ್ರ ಕೊಡಿ. ರಸ್ತೆಯ ವಿನ್ಯಾಸವೇ ತಪ್ಪಿದ್ದು, ಅದರಿಂದ ಸಾವು ಅಥವಾ ಅಂಗವೈಕಲ್ಯ ಆಗಿದ್ದರೆ ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಪ್ರಕಾರ ಗುತ್ತಿಗೆದಾರರು, ಅಧಿಕಾರಿಗಳ ಮೇಲೆ 1 ಲಕ್ಷದ ತನಕ ದಂಡ ಹಾಕಲು ಅವಕಾಶ ಇದೆ ಅನ್ನೋದನ್ನೂ ಮೆಲ್ಲಗೆ ನೆನಪಿಸಿ.

ಹೆಣ್ಣುಮಕ್ಕಳಿಗೆ ಕಿರುಕುಳ ಆದಾಗಲೂ ಕ್ಲಬ್ ಜೊತೆಗಿರಬೇಕು. ಆದರೆ ದೂರು ಕೊಡಬೇಕೋ ಬೇಡವೋ ಅನ್ನೋದು ಅವಳ ತೀರ್ಮಾನ. ಅವಳನ್ನು ಕೇಳದೆ ವಿಡಿಯೋ ಹಂಚೋದು, ಹೆಸರು ಹೇಳೋದು ಖಂಡಿತ ಬೇಡ.

ಉತ್ತರ ಬರದೇ ಹೋದರೆ

1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಿ, ಹಳೆಯ ಇನ್‌ವರ್ಡ್ ನಂಬರ್ ಹೇಳಿ. ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. "ಯಾಕೆ ದೀಪ ಉರೀತಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಿಲ್ಲ ಅಂತಾರೆ. ದಾಖಲೆ ಕೇಳಿ. ಬೀದಿ ದೀಪ ನಿರ್ವಹಣೆಯ ಗುತ್ತಿಗೆ ಕರಾರಿನ ಪ್ರತಿ ಕೊಡಿ ಅನ್ನಿ. ಕೆಟ್ಟ ದೀಪ ಎಷ್ಟು ಗಂಟೆಯಲ್ಲಿ ಸರಿ ಮಾಡಬೇಕು, ಮಾಡದಿದ್ದರೆ ಎಷ್ಟು ದಂಡ ಅಂತ ಅಂಥ ಕರಾರಿನಲ್ಲೇ ಇರುತ್ತದೆ. ಆ ಪುಟ ಸಿಕ್ಕಿದ ಮೇಲೆ ನಿಮ್ಮ ಮುಂದಿನ ಪತ್ರ ಬೇರೆಯೇ ಥರ ಇರುತ್ತದೆ. ಪತ್ರಿಕೆಯವರ ಹತ್ತಿರ ಇದಾದ ಮೇಲೆ ಹೋಗಿ, ಕೈಯಲ್ಲಿ ಕಾಗದ ಇಟ್ಟುಕೊಂಡು.

ಕ್ಲಬ್ಬನ್ನು ಸಂಘವಾಗಿ ನೋಂದಾಯಿಸಬೇಕಾ ಅಂತ ತುಂಬ ಜನ ಕೇಳ್ತಾರೆ. ಪತ್ರ ಕೊಡೋಕೆ ಬೇಕಿಲ್ಲ, ನಾಗರಿಕರಾಗಿ ಸಹಿ ಹಾಕಿದರೆ ಸಾಕು. ಬ್ಯಾಂಕ್ ಖಾತೆ, ವಾರ್ಷಿಕ ಓಟ, ಪ್ರಾಯೋಜಕರು ಅಂತ ಬಂದಾಗ 1960ರ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿ ಮಾಡಿಸಿಕೊಳ್ಳಿ. ವಾರ್ಷಿಕ ಓಟ ಮಾಡುವಾಗ ಪೊಲೀಸ್, ಪಾಲಿಕೆ, ಆಸ್ಪತ್ರೆ ಎಲ್ಲ ಕಡೆ ಅನುಮತಿಗೆ ಓಡಾಡಬೇಕು. ಆ ಓಡಾಟದಲ್ಲಿ ಆಗುವ ಪರಿಚಯ ವರ್ಷವಿಡೀ ಕೆಲಸಕ್ಕೆ ಬರುತ್ತದೆ. ಬೆಳಗ್ಗೆ 6ಕ್ಕಿಂತ ಮುಂಚೆ ಮೈಕ್ ಹಾಕಬೇಡಿ, 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಅವಕಾಶ ಇಲ್ಲ, ಪಕ್ಕದ ಮನೆಯವರ ನಿದ್ದೆಯೂ ಹಾಳು.

ಕೊನೆಯದಾಗಿ ಫೈಲು. ಎಲ್ಲ ಪತ್ರ, ಸೀಲು ಬಿದ್ದ ಪ್ರತಿ, ಎಣಿಕೆ ಹಾಳೆ, ಫೋಟೋ, ಯಾವ ದಿನ ಯಾರನ್ನು ಭೇಟಿ ಮಾಡಿದಿರಿ, ಅವರು ಏನು ಹೇಳಿದರು, ಎಲ್ಲ ಒಂದು ಬಾಕ್ಸ್ ಫೈಲಿನಲ್ಲಿರಲಿ. ಸ್ಕ್ಯಾನ್ ಪ್ರತಿ ಕನಿಷ್ಠ ಇಬ್ಬರ ಹತ್ತಿರ ಇರಲಿ. ಅಧಿಕಾರಿಗಳಿಗೆ ವರ್ಗಾವಣೆ ಆಗ್ತಾ ಇರುತ್ತದೆ, ನಿಮ್ಮ ಸದಸ್ಯರಿಗೂ ಬೆಂಗಳೂರಿಗೆ ಕೆಲಸ ಸಿಗುತ್ತದೆ. ಹೊಸ ಎಂಜಿನಿಯರ್ ಬಂದ ವಾರದಲ್ಲೇ ಇಬ್ಬರು ಹೋಗಿ ಪರಿಚಯ ಹೇಳಿ, ಬಾಕಿ ಇರುವ ಅರ್ಜಿಗಳ ನಂಬರ್ ಬರೆದ ಒಂದು ಪುಟ ಕೊಟ್ಟು ಬನ್ನಿ, ಆ ಪುಟಕ್ಕೂ ಸೀಲು ಹಾಕಿಸಿಕೊಂಡು.